ಎರಡನೇ ಆಟ

ಹೊಂಡದ ಸರ್ಕಲ್ ದಾಟಿದ ಮೇಲೆ ಎತ್ತ ಹೋಗಬೇಕೆಂದು ತೀರ್ಮಾನಿಸುವವರು ನೀವಲ್ಲ, ನಿಮ್ಮ ಬೆನ್ನಿಗೆ ಒತ್ತಿಕೊಂಡು ಬರುತ್ತಿರುವ ಜನ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ. ಊರವರ ಬಾಯಲ್ಲಿ ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುತ್ತದೆ, ಬಂದ ವರ್ಷ ದಾವಣಗೆರೆಯ ಹಳೇ ಪೇಟೆಯಲ್ಲಿ ನೆಂಟರಿಗೆ ಹಾಸಲು ಯಾವ ಮನೆಯಲ್ಲೂ ಚಾಪೆ ಸಾಲುವುದಿಲ್ಲ. ಹೊತ್ತು ಮುಳುಗಿ ಎಷ್ಟೋ ಹೊತ್ತಾಗಿದ್ದರೂ ನೆಲ ಇನ್ನೂ ಕಾದೇ ಇದೆ. ಗಾಡಿಯ ಬಾಣಲೆಯಲ್ಲಿ ಮೆಣಸಿನಕಾಯಿ ಚೊರ್ರೆನ್ನುತ್ತಿದೆ. ಕಾಗದದ ಪೊಟ್ಟಣದಲ್ಲಿ ನರ್ಗೀಸ್ ಮಂಡಕ್ಕಿ ಕೈಗೆ ಬಂದದ್ದು ಯಾವಾಗ, ಚಿಲ್ಲರೆ ಕೊಟ್ಟದ್ದು ಯಾವಾಗ, ನಿಮಗೇ ನೆನಪಿಲ್ಲ.

ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿರುವ ಕಾಲ ಇದು. ವರ್ಷ ಯಾವುದೆಂದು ಮಾತ್ರ ಕೇಳಬೇಡಿ. ಕಂಪನಿ ನಾಟಕಗಳ ಹಲವು ರಾತ್ರಿಗಳನ್ನು ಸೇರಿಸಿ ನಾನು ಈ ಒಂದು ರಾತ್ರಿಯನ್ನು ಕಟ್ಟಿಕೊಂಡಿದ್ದೇನೆ. ಹೆಸರುಗಳು ಮಾತ್ರ ನಿಜದವು.

ಎದುರಿಗೆ ತಗಡಿನ ಥಿಯೇಟರು. ಸರ್ವೆ ಕಂಬ, ಬಿದಿರು, ಹಗ್ಗ, ಮೇಲೆ ತಗಡು. ಮುಂದುಗಡೆ ಬಣ್ಣದ ಬಲ್ಬುಗಳ ಸಾಲು, ಅದರ ನಡುವೆ ಬೋರ್ಡು: ಶ್ರೀ ಗುರು ಕರಿಬಸವರಾಜೇಂದ್ರ ನಾಟಕ ಮಂಡಳಿ. ಇಷ್ಟುದ್ದದ ಹೆಸರನ್ನು ಪೂರ್ತಿ ಹೇಳುವ ಪುರುಸೊತ್ತು ಇಲ್ಲಿ ಯಾರಿಗೂ ಇಲ್ಲ, ಕೆ.ಬಿ.ಆರ್. ಕಂಪನಿ ಎಂದರೆ ಸಾಕು. ಹರಿಹರದ ಕಡೆಯವರು ಮಾತ್ರ ಕರಿಬಸವ ಎಂಬ ಹೆಸರು ಕಂಡೊಡನೆ ತಮ್ಮ ಉಕ್ಕಡಗಾತ್ರಿ ಅಜ್ಜಯ್ಯನನ್ನು ನೆನೆದು ಒಮ್ಮೆ ಕೈಮುಗಿದೇ ಮುಂದೆ ಸಾಗುತ್ತಾರೆ. ಬೋರ್ಡಿನ ಕೆಳಗೆ ನಾಟಕದ ಹೆಸರು, ‘ಪೊಲೀಸನ ಮಗಳು’. ಅದಕ್ಕಿಂತ ದಪ್ಪ ಅಕ್ಷರದಲ್ಲಿ ಇನ್ನೊಂದು ಹೆಸರು: ಚಿಂದೋಡಿ ಲೀಲಾ.

“ನೆಲದ್ದು ನಾಕು ಕೊಡ್ರಿ.”

“ನೆಲ ಫುಲ್ಲಾಗೈತಣ್ಣಾ. ಬೆಂಚಿಂದು ಅದಾವೆ ನೋಡ್ರಿ.”

“ಬೆಂಚಿಂದು ತಗಂಡ್ರೆ ವಾಪಸ್ ಬಸ್‌ಚಾರ್ಜಿಗೆ ಏನ್ ಮಾಡಾನಪ್ಪಾ? ಹರಿಹರಕ್ಕೆ ಹೋಗ್ಬೇಕು ನಾವು.”

ಹೀಗೆ ಕೇಳುತ್ತಿರುವವನು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯವನಿರಬೇಕು. 1941ರಲ್ಲಿ ಹರಿಹರದಲ್ಲಿ ಶುರುವಾದ ಆ ಕಾರ್ಖಾನೆಯ ಲೇತುಗಳು ದೇಶವೆಲ್ಲ ಹೋದವು, ಅದರ ಸಂಬಳದ ದುಡ್ಡು ಮಾತ್ರ ಹದಿನಾಲ್ಕು ಕಿಲೋಮೀಟರ್ ದೂರದ ದಾವಣಗೆರೆಯ ಟಾಕೀಸು, ಖಾನಾವಳಿ, ನಾಟಕದ ತಂಬುಗಳಿಗೂ ಬಂತು. ಅವನ ಹಿಂದೆ ನಿಂತವರ ತಲೆಗೂದಲಲ್ಲಿ ಅರಳೆಯ ಎಳೆ. ಅವರು ಈ ಊರಿನ ಬಟ್ಟೆ ಮಿಲ್ಲಿನವರು, ಶಿಫ್ಟ್ ಬಿಟ್ಟು ನೇರ ಇಲ್ಲಿಗೆ ಬಂದಿದ್ದಾರೆ. ವೃತ್ತಿ ಕಂಪನಿಗಳಿಗೆ ದಾವಣಗೆರೆ ಯಾಕೆ ಅಷ್ಟು ಇಷ್ಟ ಎಂದು ಸಂಸ್ಕೃತಿಯ ಮಾತೆತ್ತಿ ವಿವರಿಸುವವರನ್ನು ನಾನು ಕೇಳಿದ್ದೇನೆ. ಆ ವಿವರಣೆ ಸುಳ್ಳಲ್ಲ, ಆದರೆ ನನಗೆ ಈ ಕ್ಯೂ ಹೆಚ್ಚು ಹೇಳುತ್ತದೆ. ಸುತ್ತಲೂ ಹಳ್ಳಿ, ನಡುವೆ ಮಿಲ್ಲು, ವಾರದ ಸಂಬಳ, ರೈಲು, ಪಿ.ಬಿ. ರಸ್ತೆ. ಎರಡನೇ ಆಟ ಮುಗಿದು ಬೆಳಗಿನ ಜಾವ ಎರಡಾದರೂ ಊರು ಎದ್ದೇ ಇರುತ್ತದೆ.

ನಿಮಗೆ ಬೆಂಚು ಸಿಕ್ಕಿತು. ಮುಂದಿನವರ ತಲೆ, ಅದರ ಮುಂದೆ ನೆಲದವರ ಸಮುದ್ರ. ಹೆಂಗಸರ ಕಡೆಯಿಂದ ಮಗುವೊಂದರ ಅಳು. ಕಾಲ್ಪೆಟ್ಟಿಗೆ ಹಾರ್ಮೋನಿಯಂ ಮಾಸ್ತರರು ಆಗಲೇ ಕೂತಿದ್ದಾರೆ, ತಬಲಾದವನು ಸುತ್ತಿಗೆಯಿಂದ ಟಣ್ ಟಣ್ ಎಂದು ಶ್ರುತಿ ಕೂಡಿಸುತ್ತಿದ್ದಾನೆ. ಮೊದಲ ಬೆಲ್ ಆಯಿತು. ಪರದೆಯ ಒಳಗಿನಿಂದ ಊದುಬತ್ತಿಯ ಹೊಗೆ, ಬಣ್ಣದ ವಾಸನೆಯ ಜೊತೆ ಬೆರೆತು ಬರುತ್ತದೆ.

ಆ ಪರದೆಯ ಹಿಂದೆ ಈಗ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುವ ಹೆಂಗಸು ಈ ಕಸುಬನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ತಂದೆ ಚಿಂದೋಡಿ ವೀರಪ್ಪ ಹಾಡುನಟ, ಕಂಪನಿ ಕಟ್ಟಿದವರು. ಮಗಳು ಕಂಪನಿಯ ಬಿಡಾರದಲ್ಲೇ ಬೆಳೆದು ಬಾಲಪಾತ್ರದಲ್ಲಿ ರಂಗ ಹತ್ತಿದವಳು. ಊಟದ ಗಂಟೆ, ತಾಲೀಮಿನ ಗಂಟೆ, ಆಟದ ಗಂಟೆ, ಮೂರೂ ಒಂದೇ ಅಂಗಳದಲ್ಲಿ ಹೊಡೆಯುವ ಮನೆ ಅದು. ಕ್ಯಾಂಪ್ ಎತ್ತಿದರೆ ಮನೆಯೇ ಲಾರಿ ಹತ್ತುತ್ತದೆ.

ಮೂರನೇ ಬೆಲ್. ದೀಪ ಆರಿತು. ಪ್ರಾರ್ಥನೆ, ಮಂಗಳಾರತಿ, ಒಂದು ಹಾಸ್ಯದ ಸೀನು. ಬೀದಿಯ ಪರದೆ ಇಳಿಯುತ್ತದೆ, ಅದರ ಹಿಂದೆ ಮುಂದಿನ ಸೀನಿನ ಮಂಚ ಕುರ್ಚಿಗಳನ್ನು ಎಳೆಯುವ ಸದ್ದು ನಿಮಗೆ ಕೇಳುತ್ತದೆ, ಹಾಸ್ಯನಟ ಅದನ್ನೂ ಒಂದು ಮಾತಿಗೆ ಬಳಸಿಕೊಂಡು ಚಪ್ಪಾಳೆ ಗಿಟ್ಟಿಸುತ್ತಾನೆ. ಪರದೆ ಏಳುತ್ತದೆ. ಅರೆಕ್ಷಣ ರಂಗ ಖಾಲಿ.

ಈಗ ಸರಿಯಾಗಿ ನೋಡಿ. ನಾಯಕಿ ಬರುವುದಿಲ್ಲ. ಮೊದಲು ಬರುವುದು ದನಿ. ಸೈಡ್‌ವಿಂಗಿನ ಒಳಗಿನಿಂದ ಒಂದೇ ಒಂದು ಮಾತು, ಯಾರನ್ನೋ ಗದರಿಸಿದ ಹಾಗೆ. ನೆಲದವರಿಗೆ ಅಷ್ಟೇ ಸಾಕು, ಸಿಳ್ಳೆ ಎದ್ದಿತು. ಆ ಸಿಳ್ಳೆ ಏರುವವರೆಗೂ ಕಂಪನಿ ನಾಟಕದ ನಾಯಕಿ ಒಳಗೇ ನಿಲ್ಲುತ್ತಾಳೆ. ಏರಿದ ಸದ್ದು ಇನ್ನೇನು ಇಳಿಯಬೇಕು, ಆಗ ಅವಳ ಕಾಲು ರಂಗದ ಮೇಲೆ. ಒಂದು ಕ್ಷಣ ಮುಂಚೆ ಬಂದರೆ ಅವಳ ಮೊದಲ ಮಾತು ಸಿಳ್ಳೆಯಲ್ಲಿ ಮುಳುಗುತ್ತದೆ, ಒಂದು ಕ್ಷಣ ತಡವಾದರೆ ಮಂದಿ ತಣ್ಣಗಾಗುತ್ತಾರೆ. ಲೀಲಾ ಬಂದರು. ಮೇಲಿನಿಂದ ಇಳಿಬಿಟ್ಟ ಮೈಕಿನ ನೇರಕ್ಕೆ, ಮೇಲೆ ನೋಡದೆಯೇ ನಿಂತರು. ಎದುರು ಪಾತ್ರದ ಮೇಲಿನ ಸಿಟ್ಟನ್ನು ಅವನ ಮುಖ ನೋಡಿ ಆಡಲಿಲ್ಲ, ಅರ್ಧ ನಮ್ಮ ಕಡೆ ತಿರುಗಿ ಆಡಿದರು. ಇದು ಅಸಹಜ ಅಭಿನಯ ಎಂದು ಹವ್ಯಾಸಿ ರಂಗದ ಗೆಳೆಯರು ಮೂಗು ಮುರಿಯುತ್ತಾರೆ. ಮುರಿಯಲಿ. ತಗಡಿನ ಮೇಲೆ ಮಳೆ ಬಿದ್ದರೂ, ಪಕ್ಕದ ತಂಬಿನಲ್ಲಿ ಸರ್ಕಸ್ಸಿನ ಬ್ಯಾಂಡು ಬಾರಿಸಿದರೂ, ಹಿಂದುಗಡೆ ಕಂಬ ಹಿಡಿದು ನಿಂತವನಿಗೆ ಮಾತಿನ ಕೊನೆಯ ಅಕ್ಷರ ಮುಟ್ಟಬೇಕೆಂದರೆ ಹೀಗೇ ನಿಲ್ಲಬೇಕು. ಕೊಟ್ಟ ದುಡ್ಡಿಗೆ ಪೂರ್ತಿ ವಾಕ್ಯ ಕೇಳುವುದು ಅವನ ಹಕ್ಕು.

ನಿಮ್ಮ ಪಕ್ಕದ ಅಜ್ಜಿ ನಡುಸೀನಿನಲ್ಲೇ ಎದ್ದು ಕೂಗುತ್ತಾಳೆ: “ನಂಬಬ್ಯಾಡವ್ವ ಅವನ್ನ, ಅವ ಕಳ್ಳ ಅದಾನೆ!” ರಂಗದ ಮೇಲೆ ಮಾತು ಒಂದಿಷ್ಟು ತಡೆದು ನಿಲ್ಲುತ್ತದೆ, ಅಜ್ಜಿಗೆ ಉತ್ತರವಾಗಿ ಅಲ್ಲ, ಅಜ್ಜಿಯ ಮಾತಿಗೆ ಬಿದ್ದ ನಗು ಮುಗಿಯಲೆಂದು. ನಂತರ ಮುಂದಿನ ಮಾತು, ಅದೇ ಶ್ರುತಿಯಲ್ಲಿ.

ಇಂಟರ್‌ವಲ್. ಚಹಾ, ಬೀಡಿ, ಸೋಡಾ. ಬೆಂಚಿನ ಮೇಲೆ ಚರ್ಚೆ ಸಿನಿಮಾದ ಕಡೆ ಹೊರಳಿದೆ. “ಕಿತ್ತೂರು ಚೆನ್ನಮ್ಮದಾಗೂ ಇದ್ರಲ್ಲ ಈಯಮ್ಮ?” ಹೌದು, ಇದ್ದರು. ಬಿ.ಆರ್. ಪಂತುಲು ಅವರ 1961ರ ಆ ಚಿತ್ರದಲ್ಲಿ ಚೆನ್ನಮ್ಮನಾದವರು ಬಿ. ಸರೋಜಾದೇವಿ. ಪುಟ್ಟಣ್ಣ ಕಣಗಾಲ್ ತ್ರಿವೇಣಿಯವರ ಕಾದಂಬರಿ ಇಟ್ಟುಕೊಂಡು ಮಾಡಿದ 1971ರ ‘ಶರಪಂಜರ’ದಲ್ಲೂ ಲೀಲಾ ಇದ್ದಾರೆ. ಅಲ್ಲಿ ಕಥೆಯೆಲ್ಲ ಕಲ್ಪನಾ ಅವರದು. ಬೆಳ್ಳಿತೆರೆ ಚಿಂದೋಡಿ ಲೀಲಾ ಅವರಿಗೆ ಕೊಟ್ಟದ್ದು ಹೆಚ್ಚಾಗಿ ಪಕ್ಕದ ಜಾಗ. ಎಂ.ವಿ. ರಾಜಮ್ಮ, ಲೀಲಾವತಿ, ಇವರೂ ನಾಟಕದ ಹಲಗೆಯಿಂದಲೇ ಹೋದವರು, ಹೋದ ಮೇಲೆ ಸಿನಿಮಾ ಅವರನ್ನು ತನ್ನವರನ್ನಾಗಿಸಿಕೊಂಡಿತು. ಲೀಲಾ ಹೋದರು, ಬಂದರು, ಮತ್ತೆ ಹೋದರು, ಮತ್ತೆ ಬಂದರು. ಬೇರೆ ಅವಕಾಶವಿಲ್ಲದೆ ಬಂದರು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಶೂಟಿಂಗಿನಲ್ಲಿ ಅವರು ಸಂಭಾವನೆ ಪಡೆಯುವ ನಟಿ. ಇಲ್ಲಿ ಬೋರ್ಡಿನ ಮೇಲಿನ ಹೆಸರೂ ಅವರದೇ, ತಗಡಿನ ಬಾಡಿಗೆಯ ಚಿಂತೆಯೂ ಅವರದೇ. ತಂದೆ ಕಟ್ಟಿದ್ದನ್ನು ಮನೆಮಂದಿಯ ಜೊತೆ ನಡೆಸಬೇಕಾದವರು ಅವರು, ಹತ್ತಾರು ಕುಟುಂಬಗಳ ಅನ್ನ ಆ ಪರದೆಯ ಹಿಂದೆ ಬೇಯುತ್ತಿತ್ತು.

ಅಮೆರಿಕದಲ್ಲಿ ಹೆಲನ್ ಹೇಯ್ಸ್ ಎಂಬ ನಟಿ ಇದ್ದರು. ಅವರೂ ಬಾಲ್ಯದಲ್ಲೇ ರಂಗ ಹತ್ತಿದವರು. ಹಾಲಿವುಡ್‌ಗೆ ಹೋಗಿ 1932ರಲ್ಲೇ ಆಸ್ಕರ್ ಪಡೆದು, ಮತ್ತೆ ನ್ಯೂಯಾರ್ಕಿನ ನಾಟಕಕ್ಕೇ ಮರಳಿದರು. ವಿಕ್ಟೋರಿಯಾ ರಾಣಿಯ ಪಾತ್ರದಿಂದ ಮೂವತ್ತರ ದಶಕದ ಬ್ರಾಡ್‌ವೇಯನ್ನು ಆಳಿದರು. ಸುಮಾರು ನಾಲ್ಕು ದಶಕದ ನಂತರ ‘ಏರ್‌ಪೋರ್ಟ್’ ಚಿತ್ರಕ್ಕೆ ಇನ್ನೊಂದು ಆಸ್ಕರ್ ಬಂತು. ಅವರು ಬದುಕಿರುವಾಗಲೇ ಬ್ರಾಡ್‌ವೇಯ ಒಂದು ಥಿಯೇಟರಿಗೆ ಅವರ ಹೆಸರಿಟ್ಟರು. ಮರಳಿ ಮರಳಿ ಹಲಗೆಗೆ ಬರುವ ಚಟ ದಾವಣಗೆರೆಯದೂ ಒಂದೇ, ನ್ಯೂಯಾರ್ಕಿನದೂ ಒಂದೇ. ಆದರೆ ಹೆಲನ್ ಹೇಯ್ಸ್ ಮಳೆಗಾಲದ ಮೊದಲು ತಮ್ಮ ಥಿಯೇಟರನ್ನು ಬಿಚ್ಚಿ ಲಾರಿಗೆ ಹೇರಿಸಬೇಕಾಗಿರಲಿಲ್ಲ.

ಬೆಲ್ ಆಯಿತು, ಒಳಗೆ ಬನ್ನಿ. ಇಲ್ಲ, ಈ ಸಲ ಪಕ್ಕದ ತಟ್ಟಿ ಸರಿಸಿ ಪರದೆಯ ಹಿಂದಕ್ಕೆ ಬನ್ನಿ.

ಇಲ್ಲಿ ಸೆಕೆ ಹೆಚ್ಚು. ಹಗ್ಗಕ್ಕೆ ನೇತುಹಾಕಿದ ಪೊಲೀಸ್ ದಿರಿಸು, ಅದರ ಪಕ್ಕ ಹಿಂದಿನ ನಾಟಕದ ರಾಜನ ಕಿರೀಟ. ಪ್ರಾಂಪ್ಟರ್ ಒಂದು ಕೈಲಿ ಕೈಬರಹದ ಪುಸ್ತಕ, ಇನ್ನೊಂದು ಕೈಲಿ ಬೀಸಣಿಗೆ ಹಿಡಿದಿದ್ದಾನೆ. ಟ್ರಂಕಿನ ಮೇಲೆ ಮ್ಯಾನೇಜರ್ ಟಿಕೆಟ್ ಪುಸ್ತಕದ ಬುಡಗಳನ್ನು ಎಣಿಸುತ್ತಿದ್ದಾನೆ: ನೆಲ ಇಷ್ಟು, ಬೆಂಚು ಇಷ್ಟು, ಕುರ್ಚಿ ಇಷ್ಟು. ಮಾಲೀಕಳೂ ನಾಯಕಿಯೂ ಒಬ್ಬಳೇ ಆದ ಕಂಪನಿಯಲ್ಲಿ ಎರಡು ಸೀನುಗಳ ನಡುವೆ ನಡೆಯುವುದು ಇದು: ಸೀರೆ ಬದಲಿಸುವಾಗ ಕಲೆಕ್ಷನ್ ಕಿವಿಗೆ ಬೀಳುತ್ತದೆ, ನಾಳೆ ಯಾವ ನಾಟಕ ಹಾಕಬೇಕು, ಯಾವ ನಟ ಮುಂಗಡ ಕೇಳಿದ್ದಾನೆ, ಹಾರ್ಮೋನಿಯಂ ಮಾಸ್ತರರಿಗೆ ಜ್ವರವೇ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಮರುಕ್ಷಣ ವಿಂಗಿಗೆ ಬಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಹೋಗಬೇಕು. ಈ ಎರಡು ಕೆಲಸ ಒಂದನ್ನೊಂದು ಕೆಡಿಸುತ್ತವೆ ಎಂದು ನಾವು ತಿಳಿಯುತ್ತೇವೆ. ಕಂಪನಿ ನಟಿಯ ಮಟ್ಟಿಗೆ ಒಂದು ಇನ್ನೊಂದಕ್ಕೆ ಪಾಠ. ಇವತ್ತು ನೆಲ ತುಂಬಿ ಕುರ್ಚಿ ಖಾಲಿ ಎಂದು ಗೊತ್ತಾದವಳ ಅಭಿನಯ ಮುಂದಿನ ಸೀನಿನಲ್ಲಿ ತಾನಾಗಿ ಅಷ್ಟು ಹಿಂದಕ್ಕೆ ಚಾಚುತ್ತದೆ. ನನಗೆ ಗೊತ್ತಿರುವ ಯಾವ ಅಭಿನಯ ಪುಸ್ತಕದಲ್ಲೂ ಈ ಅಧ್ಯಾಯವಿಲ್ಲ.

‘ಹಳ್ಳಿ ಹುಡುಗಿ’ಯೂ ‘ಪೊಲೀಸನ ಮಗಳು’ ಕೂಡ ಊರೂರು ಸುತ್ತಿದವು. ನಾಟಕ ಹಳೆಯದಾದಷ್ಟೂ ಜನ ಮಾತುಗಳನ್ನು ಬಾಯಿಪಾಠ ಮಾಡಿಕೊಂಡೇ ಬರುತ್ತಿದ್ದರು, ನಟಿ ಒಂದು ಮಾತು ನುಂಗಿದರೆ ನೆಲದಿಂದ ಅದು ಹೊರಗೆ ಬರುತ್ತಿತ್ತು.

1988ರಲ್ಲಿ ಪದ್ಮಶ್ರೀ ಬಂತು. ಅದರ ತೂಕ ತಿಳಿಯಬೇಕಾದರೆ ಹಿಂದುಮುಂದಿನ ಹೆಸರು ನೋಡಬೇಕು. ಗುಬ್ಬಿ ವೀರಣ್ಣನವರಿಗೆ ಅದು ಬಂದದ್ದು 1972ರಲ್ಲಿ. ಹೆಂಗಸರದ್ದೇ ಕಂಪನಿ ಕಟ್ಟಿ ಗಂಡುಪಾತ್ರಗಳನ್ನೂ ಆಡಿದ ಮೈಸೂರಿನ ಆರ್. ನಾಗರತ್ನಮ್ಮನವರು 2012ರವರೆಗೆ ಕಾಯಬೇಕಾಯಿತು, ಬಿ. ಜಯಶ್ರೀ ಅವರು 2013ರವರೆಗೆ. ಲೀಲಾ ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷೆಯೂ ಆದರು. ಪ್ರಶಸ್ತಿಗಳ ಪಟ್ಟಿಯನ್ನು ಇನ್ನೂ ಬೆಳೆಸಬಹುದು, ನನಗೆ ಅದರಲ್ಲಿ ಆಸಕ್ತಿ ಕಡಿಮೆ.

ಆಸಕ್ತಿ ಇರುವುದು 1995ರ ಚಿತ್ರವೊಂದರಲ್ಲಿ. ಗದುಗಿನ ಪಂಚಾಕ್ಷರ ಗವಾಯಿಗಳ ಬದುಕಿನ ಮೇಲೆ ಚಿಂದೋಡಿ ಮನೆತನದ ಬಂಗಾರೇಶ್ ನಿರ್ದೇಶಿಸಿದ ಚಿತ್ರ ಅದು. ಸಂಗೀತಕ್ಕೆ ಹಂಸಲೇಖ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಇಬ್ಬರಿಗೂ ರಾಷ್ಟ್ರಪ್ರಶಸ್ತಿ ತಂದಿತು. ಪ್ರಶಸ್ತಿಗಿಂತ ವಸ್ತುವಿನ ಆಯ್ಕೆ ನೋಡಿ. ಗದುಗಿನ ಪುಣ್ಯಾಶ್ರಮದ ಅಂಧ ಮಕ್ಕಳ ಊಟಕ್ಕೆ ಒಂದು ಕಾಲದಲ್ಲಿ ದುಡಿದದ್ದು ಆಶ್ರಮದ್ದೇ ನಾಟಕ ಕಂಪನಿ. ಟಿಕೆಟ್ ಮಾರಿ ಅನ್ನ ಹಾಕುವುದೆಂದರೆ ಏನೆಂದು ಬಲ್ಲ ಮನೆತನವೇ ಅಂಥವರ ಕಥೆಯನ್ನು ಕೈಗೆತ್ತಿಕೊಂಡಿತು. ಹಲಗೆಯವರು ಸಿನಿಮಾಕ್ಕೆ ಹೋದಾಗಲೂ ಬಿಡಾರವನ್ನು ಬಿಟ್ಟುಹೋಗಲಿಲ್ಲ.

ಎರಡನೇ ಆಟ ಮುಗಿಯಿತು. ಮಂಗಳ ಹಾಡು ಮುಗಿಯುವ ಮೊದಲೇ ಜನ ಎದ್ದಿದ್ದಾರೆ, ಹರಿಹರದವರು ಬಸ್ಸಿಗೆ ಓಡುತ್ತಿದ್ದಾರೆ. ಮೆಣಸಿನಕಾಯಿ ಗಾಡಿಯವನು ಕೊನೆಯ ಹದ ಹಾಕಿದ್ದಾನೆ.

ಆ ಗಿರಾಕಿಗಳು ಒಬ್ಬೊಬ್ಬರಾಗಿ ಇಲ್ಲವಾದರು. ದಾವಣಗೆರೆಯ ಮಿಲ್ಲುಗಳು ನಿಂತವು. ಕಿರ್ಲೋಸ್ಕರ್ ಕಾರ್ಖಾನೆಗೂ ಬೀಗ ಬಿತ್ತು. ಮನೆಮನೆಗೆ ಧಾರಾವಾಹಿ ಬಂತು. ಚಿಂದೋಡಿ ಲೀಲಾ 2010ರ ಜನವರಿ 21ರಂದು ತೀರಿಕೊಂಡರು. ದಾವಣಗೆರೆ ಅಷ್ಟರಲ್ಲಿ ಜಿಲ್ಲೆಯಾಗಿ ಹನ್ನೆರಡು ವರ್ಷ ದಾಟಿತ್ತು.

ಈಗ ಸರ್ಕಾರ ವೃತ್ತಿ ರಂಗಭೂಮಿಗೆಂದೇ ದಾವಣಗೆರೆಯ ಹೆಸರಿನಲ್ಲಿ ಒಂದು ರಂಗಾಯಣ ತೆರೆದಿದೆ, ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಕಡೆ. ಒಳ್ಳೆಯದಾಯಿತು. ಕಂಪನಿ ಶೈಲಿಯ ಹಾಡು, ಪರದೆ ಕಟ್ಟುವ ಬಗೆ, ಮಾತಿನ ಏರಿಳಿತ ಇವನ್ನೆಲ್ಲ ಹೊಸ ಹುಡುಗ ಹುಡುಗಿಯರಿಗೆ ಕಲಿಸಬಹುದು. ನನ್ನದೊಂದು ತಕರಾರು ಇದೆ, ಯಾರಾದರೂ ಅಲ್ಲಿಗೆ ಮುಟ್ಟಿಸಿದರೆ ಸಂತೋಷ. ಪ್ರವೇಶದ ಪಾಠ ಶುರುಮಾಡುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಒಂದು ತಿಂಗಳು ಯಾವುದಾದರೂ ಜಾತ್ರೆಯ ಕ್ಯಾಂಪಿಗೆ ಕಳಿಸಿ, ಟಿಕೆಟ್ ಕೌಂಟರಿನಲ್ಲಿ ಕೂರಿಸಬೇಕು. ಸ್ಟೈಪೆಂಡ್ ಆ ಕೌಂಟರಿನ ಕಲೆಕ್ಷನ್ನಿನಿಂದಲೇ ಕೊಡಲಿ.