ಕುರ್ಚಿ ಹಾಕಿ ಹಿಡಿದ ಜಾಗ

ಸೂಟ್‌ಕೇಸಿನ ಹಿಡಿಗೆ ಕೊಕ್ಕೆ ಸಿಗಿಸಿ ಮೇಲೆತ್ತಿದರೆ ತೂಕ ತೋರಿಸುವ ಪುಟ್ಟದೊಂದು ತಕ್ಕಡಿ ಮಗಳ ಮನೆಯಲ್ಲಿದೆ. ಊರಿಗೆ ಹೊರಡುವ ಮುಂಚಿನ ನಾಲ್ಕು ದಿನ ಮನೆಯ ಯಜಮಾನಿಕೆ ಅದರದೇ ಆಗಿತ್ತು. ತಲಾ ಎರಡು ಪೆಟ್ಟಿಗೆ, ಒಂದೊಂದಕ್ಕೆ 23 ಕಿಲೋ. ನನ್ನಾಕೆ ತುಂಬುವುದು, ನಾನು ಎತ್ತುವುದು, ಮಗಳು ಅಂಕಿ ಓದುವುದು. 24.6 ಅಂದಳೋ, ಮತ್ತೆ ಜಿಪ್ಪು ಬಿಚ್ಚು. ಬಾದಾಮಿ ಹೊರಗೆ, ಚಾಕಲೇಟು ಒಳಗೆ, ತಂಗಿಯ ಮಗನ ಬೂಟು ಒಮ್ಮೆ ಒಳಗೆ ಒಮ್ಮೆ ಹೊರಗೆ. ಮೂವತ್ತೆರಡು ವರ್ಷ ರೋಲಿಂಗ್ ಮಿಲ್ಲಿನಲ್ಲಿ ಟನ್ನುಗಟ್ಟಲೆ ಉಕ್ಕು ನೋಡಿದವನು ಅರ್ಧ ಕಿಲೋ ಪಿಸ್ತಾಕ್ಕೆ ಹೆದರುವ ಹಾಗಾಯಿತು.

ಬರುವಾಗ ಈ ತಾಪತ್ರಯ ಇರಲಿಲ್ಲ. ಬಂದದ್ದು ಬಾಣಂತನಕ್ಕೆ. ಒಣಶುಂಠಿ, ಲೇಹ್ಯ, ಅಂಟಿನುಂಡೆ, ಮೆಣಸಿನ ಪುಡಿ, ಹರಳೆಣ್ಣೆ ಎಲ್ಲ ಹೊತ್ತು ಜನವರಿಯ ನಡುವೆ ಪಿಟ್ಸ್‌ಬರ್ಗಿನಲ್ಲಿ ಇಳಿದೆವು. ವಿಮಾನ ನಿಲ್ದಾಣದ ಅಧಿಕಾರಿ ಆರು ತಿಂಗಳು ಕೊಟ್ಟ. ಆಗ ಅದು ಮುಗಿಯದ ಕಾಲದಂತೆ ಕಂಡಿತ್ತು.

ಮಗಳ ಮನೆ ಇರುವುದು ಗ್ರೀನ್‌ಫೀಲ್ಡ್ ಎಂಬ ಬಡಾವಣೆಯಲ್ಲಿ. ಹೆಸರು ಕೇಳಿ ಗದ್ದೆಬಯಲು ಇದ್ದೀತು ಅಂದುಕೊಂಡಿದ್ದೆ. ಜನವರಿಯಲ್ಲಿ ಹಸುರಂತೂ ಇಲ್ಲ, ಬಯಲು ಯಾವ ಕಾಲಕ್ಕೂ ಇಲ್ಲ. ಇರುವುದು ಗುಡ್ಡ, ಗುಡ್ಡದ ಮೈಗೆ ಅಂಟಿಸಿದಂತೆ ಇಟ್ಟಿಗೆಯ ಹಳೆಯ ಮನೆಗಳು. ಪಕ್ಕದ್ದು ಸ್ಕ್ವಿರಲ್ ಹಿಲ್, ಅಂದರೆ ಅಳಿಲುಗುಡ್ಡ. ಅದು ಮಾತಿಗೆ ತಪ್ಪಿಲ್ಲ, ಅಳಿಲೂ ಇವೆ ಗುಡ್ಡವೂ ಇದೆ. ನಕ್ಷೆಯಲ್ಲಿ ರಸ್ತೆ ಎಂದು ಬರೆದಿರುವ ಕಡೆ ಹೋಗಿ ನೋಡಿದರೆ ಮೆಟ್ಟಿಲುಗಳು! ಊರಿನಲ್ಲಿ ಇಂಥ ಮೆಟ್ಟಿಲು ಸಾಲು 700ಕ್ಕೂ ಹೆಚ್ಚಿವೆಯಂತೆ. ಗುಡ್ಡದ ಮೇಲಿನ ಕೂಲಿಯವರು ನದಿ ದಡದ ಕಾರ್ಖಾನೆಗೆ ಇಳಿಯಲು, ಸುಸ್ತಾಗಿ ಮರಳಿ ಹತ್ತಲು ಕಟ್ಟಿದ್ದು. "ಇಷ್ಟು ಶ್ರವಣಬೆಳಗೊಳದಲ್ಲಿ ಹತ್ತಿದ್ದರೆ ಪುಣ್ಯವಾದರೂ ಬರುತ್ತಿತ್ತು ಕಣ್ರೀ" ಎಂದು ನನ್ನಾಕೆ ಮೊದಲ ವಾರವೇ ತೀರ್ಪು ಕೊಟ್ಟಳು.

ಬಂದ ಎಂಟನೇ ದಿನ ಹಿಮ ಸುರಿಯಿತು. ಬೆಳಿಗ್ಗೆ ಅಳಿಯನ ಕೋಟು ತೊಟ್ಟು ಹೊರಬಂದರೆ, ರಸ್ತೆಯಂಚಿನಲ್ಲಿ ಒಂದು ಕಾರಿನಷ್ಟು ಜಾಗವನ್ನು ಯಾರೋ ಹಿಮ ಬಾಚಿ ಹಸನು ಮಾಡಿದ್ದಾರೆ. ಅದರ ನಡುವೆ ಒಂದು ಅಡುಗೆಮನೆ ಕುರ್ಚಿ, ಒಂಟಿಯಾಗಿ. ಸ್ಟೀಲಿನ ಕಾಲು, ಹಸಿರು ರೆಕ್ಸಿನ್ನಿನ ಸೀಟು, ಒಂದು ಮೂಲೆ ಹರಿದು ಸ್ಪಂಜು ಇಣುಕುತ್ತಿದೆ. ಇಲ್ಲಿ ಬೇಡದ ಸಾಮಾನನ್ನು ರಸ್ತೆಬದಿಗೆ ಇಡುತ್ತಾರೆ, ಬೇಕಾದವರು ಒಯ್ಯಬಹುದು ಎಂದು ಮಗಳೇ ಹೇಳಿದ್ದಳು. ತಿರುಗಿಸಿ ನೋಡಿದೆ. ವೆಲ್ಡಿಂಗ್ ಚೊಕ್ಕವಾಗಿತ್ತು, ಸೀಟೊಂದು ಹೊಲಿಸಿದರೆ ಇನ್ನೂ ಹತ್ತು ವರ್ಷ ಬಾಳುವ ಮಾಲು. ಎತ್ತಿಕೊಂಡು ಬಂದೆ.

"ಅಪ್ಪಾ! ಅದನ್ನ ಎಲ್ಲಿಂದ ತಂದ್ರಿ?" ತುಂಬು ಬಸುರಿ ಮಗಳು ಬಾಗಿಲಲ್ಲೇ ಕಿರುಚಿದಳು.

ಆಗ ತಿಳಿದದ್ದು ಪಿಟ್ಸ್‌ಬರ್ಗಿನ ಪಾರ್ಕಿಂಗ್ ಚೇರಿನ ಮಹಿಮೆ. ಬೆವರು ಸುರಿಸಿ ಹಿಮ ಬಾಚಿ ಕಾರು ಹೊರತೆಗೆದವನು ಆ ಜಾಗದಲ್ಲಿ ಒಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾನೆ. ಸಂಜೆ ಬಂದು ಕುರ್ಚಿ ತೆಗೆದು ಕಾರು ನಿಲ್ಲಿಸುತ್ತಾನೆ. ಕಾನೂನಿನಲ್ಲಿ ಇದಕ್ಕೆ ಆಧಾರವಿಲ್ಲ. ಆದರೆ ಊರಿನವರು ಯಾರೂ ಆ ಕುರ್ಚಿ ಮುಟ್ಟುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ಶಾಸ್ತ್ರ. ಟವೆಲ್ಲಾದರೂ ಒಮ್ಮೊಮ್ಮೆ ಜಗಳಕ್ಕೆ ಕಾರಣವಾಗುತ್ತದೆ, ಕುರ್ಚಿಯದು ಪ್ರಶ್ನಾತೀತ ಅಧಿಕಾರ. ಅಂಥದ್ದನ್ನು ಭದ್ರಾವತಿಯ ನಿವೃತ್ತ ನೌಕರನೊಬ್ಬ ಹಾಡಹಗಲೇ ಹೊತ್ತೊಯ್ದಿದ್ದ.

ಮರಳಿ ಇಡಲು ಹೋದಾಗ ಎರಡು ಮನೆ ಆಚೆಯ ಜಗಲಿಯಲ್ಲಿ ಎಂಬತ್ತರ ಹತ್ತಿರದ ಮುದುಕರೊಬ್ಬರು ಸಲಿಕೆಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಕುರ್ಚಿ ಅವರದೇ. ಬೈಯಲಿಲ್ಲ. ಕಾಫಿಗೆ ಕರೆದರು.

ಆ ಊರಿನ ಹಳಬರ ಮಾತಿನ ಸೊಗಸು ನನಗೆ ಹತ್ತಿದ್ದು ಆ ಕಾಫಿಯಲ್ಲಿ. ಇಂಗ್ಲಿಷಿನಲ್ಲಿ ಒಬ್ಬನಿಗೂ ಯೂ, ಹತ್ತು ಜನಕ್ಕೂ ಯೂ. ಇವರು ಅದಕ್ಕೆ ಒಪ್ಪದೆ 'ನೀವೆಲ್ಲ' ಅನ್ನುವುದಕ್ಕೆ 'ಯಿನ್ಜ್' ಎಂಬ ತಮ್ಮದೇ ಪದ ಇಟ್ಟುಕೊಂಡಿದ್ದಾರೆ. ಇನ್ನೊಂದು, ವಾಕ್ಯದ ಬಾಲಕ್ಕೆ ಅಂಟಿಸುವ 'ಎನ್‌ಆಟ್'. ಕಾಫಿ ಎನ್‌ಆಟ್, ಮಳೆ ಎನ್‌ಆಟ್. ನನಗಂತೂ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಕಾಫಿಗೀಫಿ, ಮಳೆಗಿಳೆ! ಈ 'ಗಿ'ಕಾರ ಕನ್ನಡದವರ ಸೊತ್ತೆಂದು ತಿಳಿದಿದ್ದವನಿಗೆ ಅಮೆರಿಕದ ಗುಡ್ಡದ ಮೇಲೆ ಅದರ ದಾಯಾದಿ ಸಿಕ್ಕಿತು.

ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದರು. ಉಕ್ಕಿನ ಕಾರ್ಖಾನೆ ಎಂದೆ. ಅವರು ಏನೂ ಹೇಳದೆ ಸ್ವೆಟರಿನ ತೋಳು ಮೇಲೇರಿಸಿ ಮುಂಗೈ ತೋರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಸಾಸಿವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು, ಕಿಡಿ ಸಿಡಿದು ಆದ ಕಲೆ. ನಾನೂ ನನ್ನ ತೋಳು ಏರಿಸಿದೆ. ನನ್ನವು ಕಪ್ಪು ಚುಕ್ಕೆ, ಅಷ್ಟೇ ವ್ಯತ್ಯಾಸ.

ಅವರು ಹೋಮ್‌ಸ್ಟೆಡ್ ಕಾರ್ಖಾನೆಯವರು. ಅದು ಮುಚ್ಚಿದ್ದು 1986ರಲ್ಲಿ. ನಾನು ನಮ್ಮ ಊರಿನ ಕಥೆ ಹೇಳಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಕಂಪನಿಯ ಸಲಹೆ ಪಡೆದು ಭದ್ರಾ ದಂಡೆಯಲ್ಲಿ ಕಾರ್ಖಾನೆ ಕಟ್ಟಿದ್ದು, 1923ರಲ್ಲಿ ಕುಲುಮೆ ಹೊತ್ತಿದ್ದು, ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ತೂಗಿಕೊಂಡು ಬೆಟ್ಟ ಇಳಿಯುತ್ತಿದ್ದದ್ದು, ವಿಶ್ವೇಶ್ವರಯ್ಯನವರ ಹೆಸರು ಹೊತ್ತದ್ದು. ಕಲ್ಲಿದ್ದಲು ದೂರ, ಹಾಗಾಗಿ ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿ ಕುಲುಮೆಗೆ ಹಾಕುತ್ತಿದ್ದರು ಎಂದಾಗ ಅವರು ಕಪ್ಪು ಕೆಳಗಿಟ್ಟು ಕಿಟಕಿಯಾಚೆ ಕೈ ತೋರಿಸಿದರು. ನದಿಯಾಚೆ ಸಾಲು ದೀಪ ಹೊತ್ತು ನಿಂತ ಮೌಂಟ್ ವಾಷಿಂಗ್ಟನ್ನಿಗೆ ಮೊದಲಿನ ಹೆಸರೇ ಕೋಲ್ ಹಿಲ್. ಅಡುಗೆಗೆ ಬೇಕಾದ ಸೌದೆ ಹಿತ್ತಿಲಲ್ಲೇ ಇದ್ದ ಮನೆ ಅವರದು. ನಾವು ಕಾಡಿಗೆ ಹೋಗಿ ತರಬೇಕಿತ್ತು.

ಫೆಬ್ರವರಿಯಲ್ಲಿ ಮೊಮ್ಮಗಳು ಹುಟ್ಟಿದಳು. ಎರಡು ತಿಂಗಳು ಎಣ್ಣೆನೀರು, ಸಾಂಬ್ರಾಣಿ, ರಾತ್ರಿ ಜಾಗರಣೆ. ಸಾಂಬ್ರಾಣಿಗೆ ಹೊಗೆಯ ಅಲಾರಮ್ಮು ಹೊಡೆದುಕೊಂಡದ್ದು, ಪೆನ್ ಹಿಲ್ಸಿನ ವೆಂಕಟೇಶ್ವರನ ಗುಡಿಯಲ್ಲಿ ಪುಳಿಯೋಗರೆ ತಿಂದದ್ದು, ಎಲ್ಲ ಅಮೆರಿಕಕ್ಕೆ ಬಾಣಂತನಕ್ಕೆ ಹೋದವರೆಲ್ಲ ಹೇಳುವ ಕಥೆಯೇ. ಬಿಡಿ.

ಬಿಸಿಲು ಬಂದ ಮೇಲೆ ಮರ್ರೆ ಅವೆನ್ಯೂವಿನಲ್ಲಿ 61ಸಿ ಬಸ್ಸು ಹತ್ತಿ ಹೋಮ್‌ಸ್ಟೆಡ್ಡಿಗೆ ಹೋಗುವುದು ಅಭ್ಯಾಸವಾಯಿತು. ಕಾರ್ಖಾನೆ ಇದ್ದಲ್ಲಿ ಈಗ ಮಾಲು, ಸಿನಿಮಾ ಮಂದಿರ. ಹನ್ನೆರಡು ಇಟ್ಟಿಗೆ ಚಿಮಣಿ ಮಾತ್ರ ಒಂದೇ ಸಾಲಿನಲ್ಲಿ ನಿಂತಿವೆ, ಕಟ್ಟಡ ಹೋದದ್ದು ಅವಕ್ಕೆ ಇನ್ನೂ ಯಾರೂ ಹೇಳಿಲ್ಲವೇನೋ ಎಂಬಂತೆ. ಅಲ್ಲೇ ಹತ್ತಿರದ ಪಂಪ್‌ಹೌಸಿನ ಬಳಿ 1892ರ ಜುಲೈ 6ರಂದು ಮುಷ್ಕರದ ಕಾರ್ಮಿಕರಿಗೂ ದೋಣಿಯಲ್ಲಿ ಬಂದ ಪಿಂಕರ್ಟನ್ ಕಾವಲುಗಾರರಿಗೂ ಗುಂಡಿನ ಕಾಳಗವಾಗಿ ಎರಡೂ ಕಡೆ ಜನ ಸತ್ತರು. ಮೂರು ವರ್ಷ ಹಿಂದೆ, 1889ರಲ್ಲಿ, ಈ ಕಾರ್ಖಾನೆಯ ಒಡೆಯ ಕಾರ್ನೆಗಿ ಪಕ್ಕದ ಬ್ರಾಡಕ್‌ನಲ್ಲಿ ಅಮೆರಿಕದ ತನ್ನ ಮೊದಲ ಗ್ರಂಥಾಲಯ ಕೊಟ್ಟಿದ್ದ, ಕೆಳಗೆ ಸ್ನಾನದ ಮನೆ ಸಮೇತ. ಪುಸ್ತಕದ ವಿಷಯ ಏನೋ, ಸ್ನಾನದ ಮನೆ ಕೊಟ್ಟದ್ದು ಮಾತ್ರ ಫರ್ನೇಸಿನ ಶಿಫ್ಟು ಗೊತ್ತಿದ್ದವನ ಕೆಲಸ ಎನ್ನಬೇಕು.

ನದಿಯಾಚೆ ಕ್ಯಾರಿ ಫರ್ನೇಸ್ ಇದೆ. 1907ರಲ್ಲಿ ಕಟ್ಟಿದ ಎರಡು ಊದುಕುಲುಮೆ, ತೊಂಬತ್ತು ಅಡಿಗೂ ಎತ್ತರ. ಬೆಂಕಿ ಆರಿ ದಶಕಗಳಾಗಿವೆ. ಈಗ ಟಿಕೆಟ್ ಕೊಟ್ಟರೆ ಒಳಗೆ ಕರೆದೊಯ್ದು ತೋರಿಸುತ್ತಾರೆ. ಬನ್ನಿ ಎಂದು ಮುದುಕರನ್ನು ಕರೆದೆ. "ಆ ಜಾಗಕ್ಕೆ ಹೋಗಲು ನನಗೆ ಅವರು ದುಡ್ಡು ಕೊಡುತ್ತಿದ್ದರು. ಈಗ ನಾನು ಕೊಡಬೇಕೆ?" ಎಂದರು. ನಕ್ಕೇ ಹೇಳಿದರು, ಆದರೆ ಬರಲಿಲ್ಲ.

ಅಳಿಯನ ಜೊತೆ ಹೋದೆ. ತುಕ್ಕು ಹಿಡಿದ ಪೈಪುಗಳ ಕಾಡು. ಅವುಗಳ ನಡುವೆ ಕಲಾವಿದರು ಬಿದ್ದ ಪೈಪು, ತಂತಿಗಳಿಂದಲೇ ಕಟ್ಟಿದ ದೈತ್ಯ ಜಿಂಕೆಯ ತಲೆ. ಗೈಡ್ ಹುಡುಗಿ ಕರಗಿದ ಕಬ್ಬಿಣ ಹೊರಬರುವ ಕಂಡಿಯನ್ನು ತೋರಿಸಿ ವಿವರಿಸುತ್ತಿದ್ದಳು. ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಹೋಗಿ ನಿಂತಿತು. ಕಂಡಿಯ ನೇರಕ್ಕೆ ನಿಲ್ಲಬಾರದು, ಟ್ರೈನಿಂಗಿನ ಮೊದಲ ದಿನ ಹೇಳಿಕೊಟ್ಟದ್ದು. ಒಳಗೆ ಬೆಂಕಿಯಿಲ್ಲವೆಂಬ ಸುದ್ದಿ ಕಾಲಿಗೆ ಮುಟ್ಟಿರಲಿಲ್ಲ. ಅಳಿಯ ಕೆಲಸ ಮಾಡುವುದೂ ಹೇಝಲ್‌ವುಡ್ಡಿನ ಮಿಲ್ 19ರಲ್ಲಿ. ಉಕ್ಕಿನ ಹಳೆಯ ಮಿಲ್ಲಿನ ಅಸ್ಥಿಪಂಜರ ಹಾಗೇ ಉಳಿಸಿ, ಅದರ ಹೊಟ್ಟೆಯಲ್ಲಿ ಗಾಜಿನ ಕಚೇರಿ ಕಟ್ಟಿ ರೋಬೊ ತಯಾರಿಸುತ್ತಾರೆ. ಮಾವ ಮಿಲ್ಲಿನವನು, ಅಳಿಯನೂ ಮಿಲ್ಲಿನವನು ಎಂದು ಊರಿನಲ್ಲಿ ಹೇಳಿಕೊಳ್ಳಲು ಅಡ್ಡಿಯಿಲ್ಲ.

ಬ್ರಾಡಕ್‌ನ ಎಡ್ಗರ್ ಥಾಮ್ಸನ್ ಕಾರ್ಖಾನೆ ಮಾತ್ರ 1875ರಿಂದ ಇವತ್ತಿನವರೆಗೂ ಹೊಗೆಯಾಡುತ್ತಿದೆ. ಅದರ ಆಚೆ ರಸ್ತೆಯಲ್ಲಿ ನಡೆಯುವಾಗ ಬೂಟಿನಡಿ ಏನೋ ಉರುಳಿತು. ಗೋಲಿಯಷ್ಟು ದಪ್ಪದ, ಕಂದುಗೆಂಪಿನ ಉಂಡೆ. ಅದಿರಿನ ಪೆಲೆಟ್ಟು! ಮಿನ್ನೆಸೊಟಾದಲ್ಲಿ ಅಗೆದ ಅದಿರನ್ನು ಹೀಗೆ ಉಂಡೆ ಕಟ್ಟಿ, ಸರೋವರ ಹಡಗಿನಲ್ಲಿ ದಾಟಿಸಿ, ರೈಲಿಗೆ ತುಂಬಿ ಇಲ್ಲಿಗೆ ತರುತ್ತಾರೆ. ದಾರಿಯಲ್ಲಿ ಒಂದಿಷ್ಟು ಉದುರುತ್ತವೆ. ಬೆರಳಲ್ಲಿ ಉಜ್ಜಿದೆ. ಕೆಮ್ಮಣ್ಣುಗುಂಡಿಯ ಅದೇ ಕೆಂಪು. ಜೇಬಿಗೆ ಹಾಕಿಕೊಂಡೆ.

ಹೊರಡುವ ಹಿಂದಿನ ಭಾನುವಾರ ಎಲ್ಲರೂ ಸಂಗಮಕ್ಕೆ ಹೋದೆವು. ಆಲಿಗೆನಿ ಉತ್ತರದಿಂದ, ಮೊನೊಂಗಹೇಲಾ ದಕ್ಷಿಣದಿಂದ ಬಂದು ಪೇಟೆಯ ತುದಿಯ ಪಾರ್ಕಿನಲ್ಲಿ ಸೇರಿ ಒಹಾಯೊ ಆಗುತ್ತವೆ. ಮೊದಲನೆಯದು ಹಸುರು, ಎರಡನೆಯದು ಮಣ್ಣಿನ ಬಣ್ಣ. ಮೊನೊಂಗಹೇಲಾ ಎಂದರೆ ಮೂಲನಿವಾಸಿಗಳ ಮಾತಿನಲ್ಲಿ ಕುಸಿಯುವ ದಂಡೆ ಎಂದೇ ಅರ್ಥವಂತೆ. ನಮಗೆ ಇದೆಲ್ಲ ಹೊಸದಲ್ಲ. ಹೊಳೆಹೊನ್ನೂರಿನ ಹತ್ತಿರ ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರುವಲ್ಲಿ, ಕುದುರೆಮುಖದ ಗಣಿ ನಡೆಯುತ್ತಿದ್ದ ಕಾಲದ ಮಳೆಗಾಲಗಳಲ್ಲಿ ಭದ್ರೆ ಎಷ್ಟು ಕೆಂಪಗೆ ಬರುತ್ತಿದ್ದಳೆಂದು ನೋಡಿದವರು ನಾವು. ಒಂದು ವ್ಯತ್ಯಾಸ ಮಾತ್ರ ನನ್ನಾಕೆಗೆ ಸರಿಬರಲಿಲ್ಲ. "ನಮ್ಮಲ್ಲಿ ಇಬ್ಬರ ಹೆಸರೂ ಇಟ್ಟುಕೊಂಡು ತುಂಗಭದ್ರೆ ಆದರು. ಇಲ್ಲಿ ಇಬ್ಬರದೂ ಹೋಗಿ ಮೂರನೆಯವಳ ಹೆಸರು ಯಾಕೆ?" ಸೆನೆಕಾ ಜನರು ಆಲಿಗೆನಿಯನ್ನೂ ಒಹಾಯೊ ಎಂದೇ ಕರೆಯುತ್ತಿದ್ದರು, ಅವರ ಪಾಲಿಗೆ ಅದೊಂದೇ ನದಿ ಎಂದು ಅಳಿಯ ಸಮಾಧಾನ ಹೇಳಿದ. "ಹಾಗಾದರೆ ಇನ್ನೊಬ್ಬಳಿಗೆ ಅನ್ಯಾಯವೇ ಆಯಿತಲ್ಲ" ಎಂದಳು.

ಸಂಗಮದ ತುದಿಯಲ್ಲಿ 150 ಅಡಿ ಚಿಮ್ಮುವ ಕಾರಂಜಿಯಿದೆ. ಅದರ ನೀರು ಎರಡೂ ನದಿಯದಲ್ಲ, ನೆಲದಡಿಯ ಜಲರಾಶಿಯದು. ಊರಿನವರು ಅದನ್ನು ನಾಲ್ಕನೇ ನದಿ ಎನ್ನುತ್ತಾರೆ. ಇದನ್ನು ಕೇಳಿದ್ದೇ ನನ್ನಾಕೆ ಚಪ್ಪಲಿ ಬಿಟ್ಟಳು. "ಗುಪ್ತಗಾಮಿನಿ! ಸರಸ್ವತಿ!" ನದಿಯ ಮೆಟ್ಟಿಲಿಳಿದು ಬೊಗಸೆಯಲ್ಲಿ ನೀರೆತ್ತಿಕೊಂಡು ಕೂಸಿನ ತಲೆಗೆ ಬಂದಳು. "ಅಮ್ಮಾ, ಬೇಡ, ಈ ನೀರಾ!" ಎಂದು ಮಗಳು ತಳ್ಳುಗಾಡಿಯನ್ನು ಸರ್ರನೆ ಹಿಂದೆಳೆದಳು. ಇಪ್ಪತ್ತೊಂಬತ್ತು ವರ್ಷದ ಹಿಂದೆ ಕೂಡ್ಲಿಯಲ್ಲಿ ಇದೇ ಮಗಳ ತಲೆಗೆ ಇದೇ ಕೈ ನೀರು ಹಾಕಿತ್ತು. ಆಗ ತಳ್ಳುಗಾಡಿ ಇರಲಿಲ್ಲ. ಬೊಗಸೆಯ ನೀರು ಸೋರುತ್ತಿತ್ತು. ಉಳಿದದ್ದನ್ನು ನನ್ನ ತಲೆಯ ಮೇಲೆ ಹಾಕಿ ಕೆಲಸ ಮುಗಿಸಿದಳು.

ಕೊನೆಯ ರಾತ್ರಿ ನಾಲ್ಕೂ ಪೆಟ್ಟಿಗೆ 23ರ ಒಳಗೆ ಬಂದವು. ನಾನು ಮೆಲ್ಲಗೆ ಪೆಲೆಟ್ಟನ್ನು ಕಾಲುಚೀಲದಲ್ಲಿ ಸುತ್ತಿ ಒಂದರೊಳಗೆ ತೂರಿಸಿ, ಮತ್ತೆ ಎತ್ತಿ ನೋಡಿದೆ. ಅಂಕಿ ಅಲುಗಲಿಲ್ಲ. "ಏನ್ರೀ ಅದು?" ಕಾಲುಚೀಲ ಎಂದೆ. "ಜನ್ಮವಿಡೀ ಕಬ್ಬಿಣ ಹೊತ್ತದ್ದು ಸಾಲದೇ?" ಎಂದಳು. ನೋಡಿಯೇ ಇದ್ದಳು.

ಮುದುಕರಿಗೆ ಹಿಂದಿನ ಸಂಜೆಯೇ ಹೇಳಿ ಬಂದಿದ್ದೆ. ಅವರು ಹೆಚ್ಚೇನೂ ಆಡಲಿಲ್ಲ. ಎಷ್ಟು ಹೊತ್ತಿಗೆ ಹೊರಡುವಿರಿ ಎಂದಷ್ಟೇ ಕೇಳಿದರು. ಬೆಳಗಿನ ನಾಲ್ಕೂವರೆ ಎಂದೆ.

ಆ ಹೊತ್ತಿಗೆ ನಮ್ಮ ಬೀದಿಯ ಎರಡೂ ಬದಿ ಕಾರುಗಳು ಮೂಗಿಗೆ ಬಾಲ ತಾಗಿಸಿ ಮಲಗಿರುತ್ತವೆ. ಟ್ಯಾಕ್ಸಿ ನಿಲ್ಲಲು ಜಾಗ ಸಿಗದೆ, ಪೆಟ್ಟಿಗೆಗಳನ್ನು ತಿರುವಿನವರೆಗೆ ಎಳೆಯಬೇಕಾದೀತೆಂದು ಅಳಿಯನಿಗೆ ಚಿಂತೆ. ಬಾಗಿಲು ತೆರೆದು ಮೊದಲ ಪೆಟ್ಟಿಗೆ ಹೊರಗಿಟ್ಟರೆ, ಬೀದಿದೀಪದ ಕೆಳಗೆ ನಮ್ಮ ಮನೆಯ ನೇರಕ್ಕೆ ಒಂದು ಕಾರಿನಷ್ಟು ಜಾಗ ಖಾಲಿ. ನಡುವೆ ಹಸಿರು ರೆಕ್ಸಿನ್ನಿನ ಕುರ್ಚಿ. ಜುಲೈ ತಿಂಗಳು, ಹಿಮದ ಸುಳಿವಿಲ್ಲ. ಅವರ ಮನೆಯ ದೀಪ ಆರಿತ್ತು.

ಟ್ಯಾಕ್ಸಿ ಬಂತು. ಕುರ್ಚಿ ಎತ್ತಿ ಜಾಗ ಬಿಟ್ಟುಕೊಟ್ಟೆ. ಪೆಟ್ಟಿಗೆಗಳು ಏರಿದವು, ಕೂಸನ್ನು ಎತ್ತಿಕೊಂಡದ್ದೂ ಅತ್ತದ್ದೂ ಆಯಿತು. ನಾನಿನ್ನೂ ಕುರ್ಚಿ ಹಿಡಿದುಕೊಂಡೇ ನಿಂತಿದ್ದೆ. ಕಾರಿನೊಳಗಿನಿಂದ ನನ್ನಾಕೆ ಮೂಗು ಒರೆಸಿಕೊಳ್ಳುತ್ತಾ ಕೂಗಿದಳು:

"ರೀ, ಅದನ್ನ ಅವರ ಜಗಲಿ ಮೇಲಿಟ್ಟು ಬನ್ನಿ. ಈ ಸಲವೂ ಹೊತ್ಕೊಂಡು ಬರಬೇಡಿ."