ಸಂಬಳದ ಚೀಟಿ ಓದಲು ಕಲಿತವರು

ಬೆಂಗಳೂರಿನ ಬೊಮ್ಮನಹಳ್ಳಿ, ಹೊಂಗಸಂದ್ರ, ಗಾರ್ವೇಭಾವಿಪಾಳ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಯೂನಿಯನ್ ಕಾರ್ಯಕರ್ತೆಯರಾದ ನಾವು ಕೊಡುತ್ತಿದ್ದ ತರಬೇತಿ ಶುರುವಾಗುತ್ತಿದ್ದುದು ಸಂಬಳದ ಚೀಟಿಯಿಂದ. 2000ದ ದಶಕದ ನಡುಭಾಗದ ಮಾತು. ಟೈಲರ್ ಕೆಲಸಕ್ಕೆ ತಿಂಗಳಿಗೆ ಮೂರು ಸಾವಿರ ಸಿಕ್ಕರೆ ಹೆಚ್ಚು. ಚೀಟಿ ಇಂಗ್ಲಿಷಿನಲ್ಲಿರುತ್ತಿತ್ತು. ಕೈಗೆ ಬಂದ ದುಡ್ಡು ಎಣಿಸಿಕೊಂಡು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಟಿಫನ್ ಚೀಲದೊಳಗೆ ತುರುಕಿಕೊಂಡು ಹೋಗುವುದು ರೂಢಿ. ನಾವು ಅದನ್ನು ಬಿಡಿಸಿ ಚಾಪೆಯ ಮೇಲೆ ಹರಡುತ್ತಿದ್ದೆವು.

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಬರೆಯುವುದು. ಸಂಬಳ 3,000 ಅಂತ ಇಟ್ಟುಕೊಳ್ಳೋಣ. ಪಿಎಫ್‌ಗೆ ನೂರಕ್ಕೆ ಹನ್ನೆರಡರಂತೆ 360 ಹಿಡಿಯುತ್ತಾರೆ. ಇಎಸ್‌ಐಗೆ ನೂರಕ್ಕೆ ಒಂದೂ ಮುಕ್ಕಾಲು, ಅಂದರೆ 52 ರೂಪಾಯಿ 50 ಪೈಸೆ. ಇಷ್ಟು ಎಲ್ಲರಿಗೂ ಗೊತ್ತಿತ್ತು, ಕೈಯಿಂದ ಹೋಗುವ ದುಡ್ಡಲ್ಲವೇ. ಮುಂದಿನ ಸಾಲು ಬರೆದಾಗ ಕೋಣೆಯಲ್ಲಿ ಗಲಾಟೆಯೇ ಏಳುತ್ತಿತ್ತು: ಕಂಪನಿಯೂ ಅಷ್ಟೇ 360 ಹಾಕಬೇಕು, ಅದರಲ್ಲಿ 250 ಪಿಂಚಣಿಗೆ, 110 ಪಿಎಫ್‌ಗೆ. ಇಎಸ್‌ಐಗೆ ಕಂಪನಿಯ ಪಾಲು 142 ರೂಪಾಯಿ 50 ಪೈಸೆ. ‘ಅಕ್ಕ, ಹಾಗಾದ್ರೆ ಅವರೂ ಹಾಕ್ಬೇಕಾ?’ ಎಂದು ಒಬ್ಬಳಾದರೂ ಕೇಳದ ಭಾನುವಾರ ಇರಲಿಲ್ಲ. ಆಮೇಲೆ ಲೆಕ್ಕವನ್ನು ಅವರೇ ಮುಂದುವರಿಸುತ್ತಿದ್ದರು. ಓಟಿಗೆ, ಅಂದರೆ ಹೆಚ್ಚುವರಿ ದುಡಿಮೆಗೆ, ಎರಡು ಪಟ್ಟು ಕೊಡಬೇಕು ಅಂತ ಕಾನೂನಿದ್ದರೆ, ಹೋದ ತಿಂಗಳು ನಿಂತ ಹನ್ನೆರಡು ಗಂಟೆ ಎಲ್ಲಿ ಹೋಯಿತು? ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಕೊಡಬೇಕಾಗುತ್ತದೆ ಅಂತಲೇ ನಮ್ಮ ಲೈನಿನವಳಿಗೆ ರಾಜೀನಾಮೆ ಬರೆಸಿಕೊಂಡು, ಮತ್ತೆ ಹೊಸಬಳ ಹಾಗೆ ಸೇರಿಸಿಕೊಂಡರಾ?

ಈ ತರಬೇತಿಗೆ ಜಾಗ ಹೊಂದಿಸುವುದೇ ದೊಡ್ಡ ಕೆಲಸ. ಗೇಟಿನ ಮುಂದೆ ಕರಪತ್ರ ಕೊಟ್ಟರೆ ಯಾರು ತೆಗೆದುಕೊಂಡರು ಎಂದು ಸೆಕ್ಯುರಿಟಿಯವರು ನೋಡಿಟ್ಟುಕೊಳ್ಳುತ್ತಿದ್ದರು. ಮಾರನೆಯ ದಿನ ತೆಗೆದುಕೊಂಡವಳಿಗೆ ಬೇರೆ ಬ್ಯಾಚು, ಕೈಗೆ ಹತ್ತದ ಕೆಲಸ, ಪ್ರೊಡಕ್ಷನ್ ಬರಲಿಲ್ಲವೆಂದು ಎಲ್ಲರೆದುರು ಬೈಗುಳ. ಹಾಗಾಗಿ ನಾವು ಸಂಜೆ ಐದೂವರೆಗೆ ಫ್ಯಾಕ್ಟರಿ ಬಿಟ್ಟ ಮೇಲೆ ಅವರ ಜೊತೆ ನಡೆಯುತ್ತಿದ್ದೆವು. ಮಾತು ತರಕಾರಿ ಗಾಡಿಯ ತನಕ, ಬಹಳವೆಂದರೆ ನೀರಿನ ನಲ್ಲಿಯ ತನಕ. ಗಂಡ, ಅತ್ತೆ, ಮನೆ ಓನರ್ ಯಾರಿಗೂ ‘ಯೂನಿಯನ್’ ಅನ್ನುವ ಮಾತು ಕೇಳಿಸುವ ಹಾಗಿರಲಿಲ್ಲ. ಚೀಟಿ ಹಾಕುವ ಗುಂಪು, ಉಳಿತಾಯದ ಸಂಘ ಅಂತ ಹೇಳಿಕೊಂಡು ವಠಾರದ ಒಂದು ಶೀಟಿನ ಮನೆಯಲ್ಲಿ ಸೇರುವುದು. ಭಾನುವಾರ ಬಟ್ಟೆ ಒಗೆದು, ತಲೆಗೆ ನೀರು ಹಾಕಿಕೊಂಡು, ವಾರದ ಸಾಮಾನು ತಂದಿಟ್ಟು ಬರುವಷ್ಟರಲ್ಲಿ ಮೂರು ಗಂಟೆ ದಾಟಿರುತ್ತಿತ್ತು. ಬಸ್ ಚಾರ್ಜು ನಾವೇ ಕೊಡುತ್ತಿದ್ದೆವು. ಅದು ಕೊಡದಿದ್ದರೆ ಬರಲು ಆಗದವರು ಅರ್ಧಕ್ಕರ್ಧ ಇದ್ದರು.

ಸಂಬಳದ ಚೀಟಿಯ ನಂತರ ಮನವಿ ಬರೆಯುವುದು. ಏನಾಯಿತು, ಯಾವ ತಾರೀಕು, ಎಷ್ಟು ಗಂಟೆಗೆ, ಯಾರ ಎದುರು: ಈ ನಾಲ್ಕಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಅರ್ಜಿ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಆಮೇಲೆ ಸೂಪರ್‌ವೈಸರ್ ಎದುರು ಮಾತಾಡುವ ಅಭ್ಯಾಸ. ಒಬ್ಬಳು ಸೂಪರ್‌ವೈಸರ್ ಆಗಬೇಕು, ಇನ್ನೊಬ್ಬಳು ರಜೆ ಕೇಳಬೇಕು. ಸೂಪರ್‌ವೈಸರ್ ಪಾತ್ರವನ್ನು ಎಲ್ಲರೂ ಸಲೀಸಾಗಿ ಮಾಡುತ್ತಿದ್ದರು, ಬೈಗುಳ ಬಾಯಿಪಾಠವಾಗಿತ್ತು. ರಜೆ ಕೇಳುವವಳಿಗೆ ತಲೆ ಎತ್ತಿ ಒಂದು ವಾಕ್ಯ ಮುಗಿಸಲು ತಿಂಗಳುಗಳೇ ಹಿಡಿದವು. ಹೊರಗಿನವರಿಗೆ ಇದು ಸಣ್ಣ ಕೆಲಸವಾಗಿ ಕಾಣಬಹುದು. ನನ್ನ ಮಟ್ಟಿಗೆ ಸಂಘಟನೆಯ ನಿಜವಾದ ಕೆಲಸ ಇದೇ. ಭಾಷಣಕ್ಕೆ ಜನ ಸೇರಿಸುವುದು ಇದರ ಮುಂದೆ ಬಹಳ ಸುಲಭ.

2016ರ ಏಪ್ರಿಲ್‌ನಲ್ಲಿ ಈ ಹೆಂಗಸರು ಹೊಸೂರು ರಸ್ತೆಗೆ ಇಳಿದಾಗ ಪತ್ರಿಕೆಗಳು ನಾಯಕರಿಲ್ಲದ ಹೋರಾಟ ಎಂದು ಬರೆದವು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ, ನಿಜ. ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೆ ತನ್ನ ಪಾಲಿನ ದುಡ್ಡನ್ನು ಮಾತ್ರ ತೆಗೆಯಬಹುದು, ಕಂಪನಿಯ ಪಾಲು 58 ವರ್ಷ ತುಂಬುವವರೆಗೆ ಸಿಗುವುದಿಲ್ಲ ಎಂಬುದು ಹೊಸ ನಿಯಮ. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಮಿಷನ್ ಮೇಲೆ ಕೂರುವವರು ಯಾರು? ನಲವತ್ತಕ್ಕೇ ಸೊಂಟ ಹೋಗಿರುತ್ತದೆ. ಮಗಳ ಮದುವೆಗೆ, ಶಾಲೆಯ ಫೀಸಿಗೆ, ಅಡವಿಟ್ಟ ಒಡವೆ ಬಿಡಿಸಲು ಕೆಲಸ ಬಿಟ್ಟು, ಎರಡು ತಿಂಗಳು ಕಾದು ಪಿಎಫ್ ತೆಗೆದು, ಮತ್ತೆ ಇನ್ನೊಂದು ಫ್ಯಾಕ್ಟರಿಗೆ ಸೇರುವುದು ಅವರಿಗೆ ಗೊತ್ತಿದ್ದ ಒಂದೇ ಬ್ಯಾಂಕು.

ಏಪ್ರಿಲ್ 18ರಂದು ಬೊಮ್ಮನಹಳ್ಳಿ ಕಡೆ ಸಾವಿರಾರು ಹೆಂಗಸರು ರಸ್ತೆಯಲ್ಲಿ ಕುಳಿತರು. 19ಕ್ಕೆ ಜಾಲಹಳ್ಳಿ ಕ್ರಾಸ್, ಪೀಣ್ಯ, ಹೆಬ್ಬಗೋಡಿಗೂ ಹಬ್ಬಿತು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಹಾರಿಸಿದರು, ಹೆಬ್ಬಗೋಡಿ ಠಾಣೆಯ ಬಳಿ ವಾಹನಗಳು ಸುಟ್ಟವು. ಅವತ್ತೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮವನ್ನು ವಾಪಸು ಪಡೆಯುವುದಾಗಿ ಪ್ರಕಟಿಸಿದರು. ದೊಡ್ಡ ದೊಡ್ಡ ಕೇಂದ್ರ ಕಾರ್ಮಿಕ ಸಂಘಟನೆಗಳು ಮನವಿ ಕೊಟ್ಟು ಕಾಯುತ್ತಿದ್ದ ವಿಷಯ ಎರಡು ದಿನದಲ್ಲಿ ತೀರ್ಮಾನವಾಯಿತು. ಅದರ ಲಾಭ ಸಿಕ್ಕಿದ್ದು ದೇಶದ ಎಲ್ಲ ಪಿಎಫ್ ಸದಸ್ಯರಿಗೆ.

ಇದನ್ನು ನಮ್ಮ ತರಬೇತಿಯ ಫಲ ಎಂದರೆ ಸುಳ್ಳಾಗುತ್ತದೆ. ನಮ್ಮ ಕೋಣೆಗೆ ಬಂದವರು ಎಷ್ಟು ಮಂದಿ, ರಸ್ತೆಯಲ್ಲಿದ್ದವರು ಎಷ್ಟು ಮಂದಿ! ಆದರೆ ಅಂದು ಕ್ಯಾಮೆರಾದ ಮುಂದೆ ನಿಂತ ಹೆಂಗಸರು ‘ನಮ್ಮ ಪಾಲು, ಕಂಪನಿ ಪಾಲು’ ಎಂದು ಬಿಡಿಸಿ ಹೇಳುತ್ತಿದ್ದರು. ಅದಕ್ಕೂ ಹತ್ತು ವರ್ಷ ಹಿಂದೆ ಹೀಗೆ ಬಿಡಿಸಿ ಹೇಳಬಲ್ಲವರು ಲೈನಿಗೆ ಒಬ್ಬರಿದ್ದರೆ ಹೆಚ್ಚಿತ್ತು. ಊಟದ ಹೊತ್ತಿನಲ್ಲಿ, ಬಸ್ಸಿನಲ್ಲಿ, ನಲ್ಲಿಯ ಹತ್ತಿರ ಆ ಲೆಕ್ಕ ಒಬ್ಬರಿಂದ ಒಬ್ಬರಿಗೆ ದಾಟಿತ್ತು. ಅವರನ್ನು ನಾಯಕರಿಲ್ಲದವರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

2020ರದು ಬೇರೆ ಬಗೆಯ ಹೋರಾಟ. ಏಪ್ರಿಲ್‌ನಿಂದ ಸೇರಬೇಕಿದ್ದ ತುಟ್ಟಿಭತ್ಯೆ (ಡಿಎ), ತಿಂಗಳಿಗೆ ಸುಮಾರು 417 ರೂಪಾಯಿ, ಕೋವಿಡ್ ನೆಪದಲ್ಲಿ ನಿಂತುಹೋಯಿತು. ರಾಜ್ಯ ಸರ್ಕಾರವೇ ಅದನ್ನು ಮುಂದೂಡಿ ಆದೇಶ ಹೊರಡಿಸಿತ್ತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿಗೆ ಹೋದವು. ಸೆಪ್ಟೆಂಬರ್‌ನಲ್ಲಿ ಕೋರ್ಟು ಕಾರ್ಮಿಕರ ಪರವಾಗಿ ಹೇಳಿದ ಮೇಲೂ ಬಹಳಷ್ಟು ಫ್ಯಾಕ್ಟರಿಗಳು ಕೊಡಲಿಲ್ಲ. ಆಗ ಕೆಲಸಕ್ಕೆ ಬಂದದ್ದು ಚೀಟಿಗಳೇ. ಹಿಂದಿನ ವರ್ಷದ್ದೂ ಆ ವರ್ಷದ್ದೂ ಪಕ್ಕಪಕ್ಕ ಇಟ್ಟು ಫೋಟೊ ಹೊಡೆದು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಿದ್ದರು. ಡಿಎ ಕಾಲಮ್ಮು ಎರಡರಲ್ಲೂ ಒಂದೇ. ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ, ಬಾಕಿ ಬರತೊಡಗಿತು. ಎರಡು ವರ್ಷದ ಬಾಕಿ ಹತ್ತು ಸಾವಿರದ ಹತ್ತಿರ. ಬಾಡಿಗೆ ಮನೆಯವರಿಗೆ ಅದು ಸಣ್ಣ ದುಡ್ಡಲ್ಲ.

ಈಗ ಹೊಂಗಸಂದ್ರದಲ್ಲಿ ಮೆಟ್ರೊ ನಿಲ್ದಾಣವಿದೆ. ಬಾಡಿಗೆ ಏರಿ ಹಳೆಯ ಹೆಂಗಸರು ಚಂದಾಪುರ, ಅತ್ತಿಬೆಲೆಯ ಕಡೆ ಸರಿದಿದ್ದಾರೆ. ಫ್ಯಾಕ್ಟರಿಗಳೂ ಅಗ್ಗದ ಕೂಲಿ ಹುಡುಕಿಕೊಂಡು ರಾಮನಗರ, ಮದ್ದೂರು, ಮಂಡ್ಯದ ಕಡೆ ಹೋದವು. 2023ರ ಜೂನ್‌ನಿಂದ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಬಸ್ಸು ಇರುವುದರಿಂದ ಭಾನುವಾರದ ಸಭೆಗೆ ಚಾರ್ಜಿನ ಚಿಂತೆ ಇಲ್ಲ. ಅದೊಂದು ದೊಡ್ಡ ಅನುಕೂಲ, ಯಾರು ಏನೇ ಅನ್ನಲಿ. ಚೀಟಿಯ ಪಾಠವೂ ಬದಲಾಗಿದೆ. ಇಎಸ್‌ಐಗೆ ಈಗ ಮುಕ್ಕಾಲು ಪರ್ಸೆಂಟು ಹಿಡಿಯುತ್ತಾರೆ. 2023ರಲ್ಲಿ ರಾಜ್ಯ ತಿದ್ದಿದ ಫ್ಯಾಕ್ಟರಿ ಕಾಯ್ದೆ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ದಾರಿ ಮಾಡಿದ ಮೇಲೆ, ವಾರಕ್ಕೆ 48 ಗಂಟೆ ದಾಟಿದರೆ ಓಟಿ ಎಂಬುದನ್ನು ಮೊದಲ ದಿನವೇ ಹೇಳಿಕೊಡಬೇಕಾಗಿದೆ.

ನಿಜವಾದ ತೊಡಕು ಹಾಸ್ಟೆಲ್‌ಗಳದ್ದು. ಒಡಿಶಾ, ಜಾರ್ಖಂಡ್‌ನಿಂದ ಬಂದ ಹದಿನೆಂಟು ಇಪ್ಪತ್ತರ ಹುಡುಗಿಯರು ಮಿಷನ್ ಮೇಲೆ ಕೂತಿದ್ದಾರೆ. ಫ್ಯಾಕ್ಟರಿಯಿಂದ ಹಾಸ್ಟೆಲ್, ಹಾಸ್ಟೆಲ್‌ನಿಂದ ಫ್ಯಾಕ್ಟರಿ. ಅವರ ಜೊತೆ ತರಕಾರಿ ಗಾಡಿಯವರೆಗೆ ನಡೆಯುವ ಅವಕಾಶ ನಮಗಿಲ್ಲ, ಅವರು ತರಕಾರಿ ಕೊಳ್ಳುವುದೇ ಇಲ್ಲ. ಹೊರಗೆ ಬಿಡುವುದು ವಾರಕ್ಕೊಮ್ಮೆ ಕೆಲವು ಗಂಟೆ. ಹಾಸ್ಟೆಲ್ ಖರ್ಚೆಂದು ಹಿಡಿಯುವ ದುಡ್ಡನ್ನು ಕೇಳುವ ಧೈರ್ಯವಿದ್ದರೂ ಕೇಳುವ ಭಾಷೆ ಬೇಕು. ನಮ್ಮಲ್ಲಿ ಹತ್ತಾರು ವರ್ಷ ಪಳಗಿದ ಕಾರ್ಯಕರ್ತೆಯರು ಕನ್ನಡ, ತೆಲುಗು, ತಮಿಳಿನಲ್ಲಿ ಯಾರನ್ನಾದರೂ ಮಾತಿಗೆಳೆಯಬಲ್ಲರು. ಒಡಿಯಾ ಬರುವುದಿಲ್ಲ.

ಹಳೆಯ ಟೈಲರ್ ಒಬ್ಬಳು, ಮೊದಲ ತಂಡಗಳಲ್ಲಿ ಕಲಿತವಳು, ಈಗ ಪಕ್ಕದ ಮಿಷನ್ ಮೇಲೆ ಕೂರುವ ಹುಡುಗಿಯಿಂದ ಒಡಿಯಾ ಅಂಕಿಗಳನ್ನು ಕಲಿಯುತ್ತಿದ್ದಾಳೆ. ‘ಲೆಕ್ಕ ಹೇಳೋಕೆ ಅಂಕಿ ಬಂದ್ರೆ ಸಾಕಲ್ವಾ ಅಕ್ಕ’ ಅಂದಳು. ಸಾಲದು ಅಂತ ನನಗೆ ಅನ್ನಿಸುತ್ತದೆ. ಅವಳ ನೋಟ್‌ಬುಕ್ಕಿನಲ್ಲಿ ಈಗಾಗಲೇ ಪಿಎಫ್‌ನ ಎರಡೂ ಪಾಲು, ಕನ್ನಡದಲ್ಲೂ ಒಡಿಯಾದಲ್ಲೂ ಬರೆದಾಗಿದೆ. ಬರುವ ಭಾನುವಾರ ಇಬ್ಬರು ಹುಡುಗಿಯರು ಚೀಟಿ ತರುವುದಾಗಿ ಒಪ್ಪಿದ್ದಾರಂತೆ.