ಗಣೇಶಗುಡಿಯ ಮಳೆ, ಪಟದ ಕಟ್ಟು

ದಾಂಡೇಲಿಯಿಂದ ಜೋಯಿಡಾ ಕಡೆಗೆ ಹೊರಟ ಬಸ್ಸು ಸಾಗವಾನಿ ಮರಗಳ, ಬಿದಿರುಮೆಳೆಗಳ ನಡುವೆ ತಿರುವುಗಳನ್ನು ದಾಟುತ್ತ ಗಣೇಶಗುಡಿ ತಲುಪುತ್ತದೆ. ಉತ್ತರ ಕನ್ನಡದ ಈ ಪುಟ್ಟ ಊರಿಗೆ ಬರುವ ಹೆಚ್ಚಿನವರ ಕಣ್ಣು ಕಾಳಿ ನದಿಯ ಮೇಲೆ. ಸೂಪಾ ಅಣೆಕಟ್ಟೆಯ ವಿದ್ಯುತ್ ಕೇಂದ್ರದಿಂದ ನೀರು ಬಿಟ್ಟಾಗ ರಬ್ಬರ್ ದೋಣಿಗಳು ಬಂಡೆಗಳ ನಡುವೆ ಹಾರುತ್ತವೆ. ಮತ್ತೆ ಕೆಲವರು ಉದ್ದ ಮಸೂರದ ಕ್ಯಾಮೆರಾ ಹೊತ್ತು ಹಕ್ಕಿಗಳನ್ನು ಹುಡುಕಿಕೊಂಡು ಬರುತ್ತಾರೆ. ಅವರು ಉಳಿಯುವ ತಾಣಗಳಲ್ಲೊಂದರ ಹೆಸರು ಓಲ್ಡ್ ಮ್ಯಾಗಜಿನ್ ಹೌಸ್. ಹಳೆಯ ವಾರಪತ್ರಿಕೆಯ ಕಚೇರಿ ಇದ್ದೀತೆಂದು ಯಾರಾದರೂ ಭಾವಿಸಿದರೆ ಆಶ್ಚರ್ಯವಿಲ್ಲ. ಇಲ್ಲಿ ಮ್ಯಾಗಜಿನ್ ಎಂದರೆ ಸಿಡಿಮದ್ದಿನ ಕೋಠಿ. ಅಣೆಕಟ್ಟೆ ಕಟ್ಟುವಾಗ ಬಂಡೆ ಒಡೆಯುವ ಮದ್ದನ್ನು ದಾಸ್ತಾನು ಮಾಡಿದ್ದ ಜಾಗ ಅದು. ಈಗ ಅಲ್ಲಿ ಹಕ್ಕಿಗಳು ನೀರಿಗಿಳಿಯುತ್ತವೆ, ಕ್ಯಾಮೆರಾಗಳು ಸದ್ದು ಮಾಡುತ್ತವೆ.

ಹೀಗೆ ತೆಗೆದ ಚಿತ್ರಗಳು ಬೆಂಗಳೂರು, ಪುಣೆಗಳ ಗೋಡೆಗಳ ಮೇಲೆ ಕಟ್ಟು ಹಾಕಿಸಿಕೊಂಡು ಕೂರುತ್ತವೆ. ಆದರೆ ಈ ಸೀಮೆಯಲ್ಲಿ ಜೋಪಾನವಾಗಿ ಕಟ್ಟು ಹಾಕಿಸಬೇಕಾದ ಪಟಗಳು ಹಕ್ಕಿಗಳವಲ್ಲ.

ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಸೂಪಾ ಎಂಬ ಪೇಟೆಯಿತ್ತು. ತಾಲ್ಲೂಕಿಗೂ ಅದೇ ಹೆಸರು. ಕರ್ನಾಟಕ ವಿದ್ಯುತ್ ನಿಗಮ 101 ಮೀಟರ್ ಎತ್ತರದ, 332 ಮೀಟರ್ ಉದ್ದದ ಕಾಂಕ್ರೀಟ್ ಗೋಡೆಯನ್ನು ನದಿಗೆ ಅಡ್ಡ ನಿಲ್ಲಿಸಿತು. 1980ರ ದಶಕದಲ್ಲಿ ನೀರು ನಿಂತಾಗ ಸೂಪಾ ಪೇಟೆ ಸುತ್ತಲಿನ ಹಳ್ಳಿಗಳೊಂದಿಗೆ ಮುಳುಗಿತು. ಜಲಾಶಯದ ಸಾಮರ್ಥ್ಯ ಸುಮಾರು 147 ಟಿಎಂಸಿ ಅಡಿ. ತಾಲ್ಲೂಕು ಜೋಯಿಡಾ ಎಂದಾಯಿತು. ಎದ್ದು ಹೋದವರಲ್ಲಿ ಬಹಳ ಮಂದಿ ರಾಮನಗರದಲ್ಲಿ ನೆಲೆ ಕಂಡರು. ಅಣೆಕಟ್ಟೆಯ ಬುಡದ 50 ಮೆಗಾವಾಟಿನ ಎರಡು ಯಂತ್ರಗಳು, ನದಿಗುಂಟ ಕೆಳಗಿರುವ ನಾಗಝರಿ, ಕೊಡಸಳ್ಳಿ, ಕದ್ರಾ ಕೇಂದ್ರಗಳು ನಾಡಿಗೆಲ್ಲ ಬೆಳಕು ಕೊಟ್ಟವು. ಆದರೆ ಸೂಪಾದ ಮದುವೆ ಚಪ್ಪರವೋ ಮನೆಯ ಮುಂಬಾಗಿಲೋ ಕಾಣುವ ಕಪ್ಪು-ಬಿಳುಪು ಫೋಟೋ ಯಾರದಾದರೂ ಮನೆಯಲ್ಲಿ ಉಳಿದಿದ್ದರೆ, ಹೋಗಿ ಮತ್ತೊಂದು ತೆಗೆದುಕೊಂಡು ಬರುವ ದಾರಿಯಿಲ್ಲ.

ಇಂಥ ಫೋಟೋಗಳ ದೊಡ್ಡ ಶತ್ರು ಗೆದ್ದಲಲ್ಲ, ಮಳೆಗಾಲದ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಣಿವೆಯಲ್ಲಿ ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಹತ್ತುವುದಿಲ್ಲ. ಹಳೆಯ ಫೋಟೋ ಕಾಗದದ ಮೇಲಿರುವುದು ಜೆಲಟಿನ್ ಲೇಪ. ಅದು ತೇವ ಹೀರಿ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಬಿಡಿಸಹೋದರೆ ಅಜ್ಜನ ಮುಖ ಗಾಜಿನಲ್ಲೇ ಉಳಿಯುತ್ತದೆ. ಪೇಟೆಯ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಕಟ್ಟಿಕೊಡುವ ಪ್ಲಾಸ್ಟಿಕ್ ಪಟ್ಟಿಯ ಫ್ರೇಮಿನಲ್ಲಿ ಗಾಜು ಮತ್ತು ಫೋಟೋ ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ಹೊಳಪು ಚೆನ್ನಾಗಿದೆ, ಆಯುಷ್ಯ ಹೇಳಲಾಗದು.

ದೇವರ ಪಟಗಳ ಕಾಲದಿಂದ ಈ ಕೆಲಸ ನಮ್ಮಲ್ಲಿ ಬೆಳೆದು ಬಂದಿದೆ. 1894ರಲ್ಲಿ ರಾಜಾ ರವಿವರ್ಮ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಮನೆಗೂ ಬಂದರು. ಅವರಿಗೆ ಗಾಜು, ಕಟ್ಟು ಬೇಕಾಯಿತು. ಮರಗೆಲಸ ಬಲ್ಲವರು ಮನೆಯ ಜಗಲಿಯಲ್ಲೇ ಅದನ್ನು ಮಾಡಬಹುದು. ಗರಗಸ, ಉಜ್ಜುಗೊರಡು, ಉಳಿ, ಮೂಲೆಮಟ್ಟ, 45 ಡಿಗ್ರಿಗೆ ಗರಗಸ ಹಾಯಿಸಲು ಸೀಳಿಟ್ಟ ಮರದ ಪೆಟ್ಟಿಗೆ ಇದ್ದರೆ ಸಾಕು. ಪಟ್ಟಿ ಎಷ್ಟುದ್ದ ಬೇಕೆಂಬ ಲೆಕ್ಕ ಸುಲಭ: ಚಿತ್ರದ ಸುತ್ತಳತೆಗೆ ಪಟ್ಟಿಯ ಅಗಲದ ಎಂಟರಷ್ಟನ್ನು ಕೂಡಿಸಬೇಕು. ಎಂಟಿಂಚು ಹತ್ತಿಂಚಿನ ಫೋಟೋಕ್ಕೆ ಒಂದಿಂಚು ಅಗಲದ ಪಟ್ಟಿಯಾದರೆ 36ಕ್ಕೆ ಎಂಟು ಸೇರಿ 44 ಇಂಚು. ಗರಗಸ ತಿನ್ನುವ ಪುಡಿಗೆಂದು ಒಂದೆರಡಿಂಚು ಹೆಚ್ಚು. ಪಟ್ಟಿಯ ಹಿಂಬದಿ ಒಳ ಅಂಚಿನಲ್ಲಿ ಗಾಜು ಕೂರಲು ತೆಗೆಯುವ ಕಚ್ಚಿನಿಂದಾಗಿ ಈ ಲೆಕ್ಕ ತುಸು ಇಳಿಯುತ್ತದೆ, ಅಷ್ಟೆ.

ಕಷ್ಟ ಮೂಲೆಯಲ್ಲಿದೆ. ನಾಲ್ಕು ಮೂಲೆಗೆ ಎಂಟು ಕೊಯ್ತ. ಪ್ರತಿ ಕೊಯ್ತದಲ್ಲಿ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಮೂರು ಮೂಲೆ ಕೂಡಿದ ಮೇಲೆ ನಾಲ್ಕನೆಯದರಲ್ಲಿ ನಾಲ್ಕು ಡಿಗ್ರಿಯ ಬಾಯಿ ತೆರೆದುಕೊಳ್ಳುತ್ತದೆ. ಅಂಟು ಹಚ್ಚಿ, ಸುತ್ತ ಹುರಿ ಬಿಗಿದು, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ಸಮ ಬಂದರೆ ಕಟ್ಟು ಚೌಕವಾಯಿತೆಂದು ಅರ್ಥ.

ಅಷ್ಟಾದರೂ ಗಣೇಶಗುಡಿಯ ಮಳೆ ಸುಮ್ಮನಿರುವುದಿಲ್ಲ. ಮರ ಕಡಿದು ಹಲಗೆಯಾದ ಮೇಲೂ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅಗಲಕ್ಕೆ ಮಾತ್ರ ಕಣ್ಣಿಗೆ ಬೀಳುವಷ್ಟು. ಏಪ್ರಿಲ್ ಬಿಸಿಲಲ್ಲಿ ಕೊಯ್ದು ಕೂಡಿಸಿದ ಪಟ್ಟಿ ಜುಲೈನಲ್ಲಿ ಅಗಲಕ್ಕೆ ಉಬ್ಬುತ್ತದೆ, ಉದ್ದ ಇದ್ದಷ್ಟೇ ಇರುತ್ತದೆ. ಹಾಗಾಗಿ 45 ಡಿಗ್ರಿಯ ಕೋನ ತುಸು ದೊಡ್ಡದಾಗಿ, ಒಳಮೂಲೆಗಳು ಒಂದನ್ನೊಂದು ತಳ್ಳಿ, ಹೊರಮೂಲೆ ಬಿಡುತ್ತದೆ. ಮಳೆಗಾಲದಲ್ಲಿ ಮಾಡಿದ ಕಟ್ಟು ಮಾರ್ಚ್‌ನಲ್ಲಿ ಕುಗ್ಗಿದರೆ ಬಿರುಕು ಒಳಮೂಲೆಯಲ್ಲಿ. ಬಿರುಕು ಎಲ್ಲಿದೆಯೆಂದು ನೋಡಿದರೇ ಕಟ್ಟು ಹಸಿ ದಿನದಲ್ಲಿ ಹುಟ್ಟಿತೋ ಒಣ ದಿನದಲ್ಲೋ ಎಂದು ಹೇಳಿಬಿಡಬಹುದು. ಅತಿ ಅಗಲದ ಪಟ್ಟಿಯ ಆಸೆ ಈ ಕಡೆ ಒಳ್ಳೆಯದಲ್ಲ; ಅಗಲ ಹೆಚ್ಚಿದಷ್ಟೂ ಬಿರುಕು ದೊಡ್ಡದು.

ಸಾಗವಾನಿಯ ದೊಡ್ಡತನ ಇಲ್ಲೇ. ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ಬೆಳವಣಿಗೆಯ ಉಂಗುರಗಳ ಗುಂಟ ನೂರಕ್ಕೆ ಐದಾರು ಪಾಲು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಎರಡು-ಮೂರು ಪಾಲು ಮಾತ್ರ ಕುಗ್ಗುತ್ತದೆ. ಯುರೋಪಿನವರ ಮೆಚ್ಚಿನ ಬೀಚ್ ಮರ ಸುಮಾರು ಇದರ ಇಮ್ಮಡಿ ಕುಗ್ಗುತ್ತದೆ. ಸಾಗವಾನಿಯ ಎಣ್ಣೆಯಂಶಕ್ಕೆ ಗೆದ್ದಲೂ ಹಿಂಜರಿಯುತ್ತದೆ. ಹಲಸು ಎರಡನೆಯ ಆಯ್ಕೆ. ಹಳದಿಯಾಗಿ ಬಂದು ವರ್ಷಗಳಲ್ಲಿ ಕಂದಾಗಿ ಪಟಕ್ಕೆ ಹೊಂದಿಕೊಳ್ಳುತ್ತದೆ. ಮತ್ತಿ ಗಟ್ಟಿ ಮರವೇನೋ ಹೌದು, ಆದರೆ ತೆಳ್ಳಗೆ ಸೀಳಿದರೆ ಸೊಟ್ಟಗಾಗುವ ಸ್ವಭಾವದ್ದು.

ಸುತ್ತ ಸಾಗವಾನಿ ಇದ್ದ ಮಾತ್ರಕ್ಕೆ ಕೈಗೆ ಸಿಕ್ಕಿತೆಂದಲ್ಲ. ಈ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ. ನಾಟಾ ಬರುವುದು ದಾಂಡೇಲಿಯ ಅರಣ್ಯ ಇಲಾಖೆಯ ಡಿಪೋದಿಂದ, ಮುದ್ರೆ ಬಿದ್ದ ದಿಮ್ಮಿಗಳ ಹರಾಜಿನಲ್ಲಿ, ಸಾಗಿಸಲು ಪಾಸಿನೊಂದಿಗೆ. (ಆ ಡಿಪೋದ ಮರಗಳಲ್ಲಿ ಮಲಬಾರ್ ಮಂಗಟ್ಟೆಗಳು ಹಿಂಡಾಗಿ ಕೂರುವುದನ್ನು ನೋಡಲೆಂದೇ ಜನ ಬರುತ್ತಾರೆ.) ನಾಲ್ಕಡಿ ಪಟ್ಟಿಗಾಗಿ ದಿಮ್ಮಿ ಕೊಳ್ಳುವವರು ಯಾರು? ಬಾಗಿಲು, ಕುರ್ಚಿ ಮಾಡುವ ಬಡಗಿಗಳ ಹತ್ತಿರ ಮಿಗುವ ತುಂಡುಗಳೇ ಕಟ್ಟಿಗೆ ತಕ್ಕವು. ಬಿಲ್ಲಿನ ಮರದ ತುಂಡು ಎಂದು ಕೇಳಿ ತರುವುದು ಕ್ಷೇಮ.

ಇದಕ್ಕಿಂತ ಒಳ್ಳೆಯ ಮರ ಇನ್ನೊಂದಿದೆ. ಶರಾವತಿಯಾಗಲಿ ಕಾಳಿಯಾಗಲಿ, ಮುಳುಗಡೆಯ ಊರುಗಳಿಂದ ಎದ್ದವರು ಮನೆಯ ತೊಲೆ, ಬಾಗಿಲು, ಕಿಟಕಿಗಳನ್ನು ಕಳಚಿ ಹೊತ್ತೊಯ್ದವರು. ಅಂಥ ಮುರಿದ ಕಿಟಕಿಯ ದಾರಂದವೊಂದು ಹಿತ್ತಿಲ ಅಟ್ಟದಲ್ಲಿದ್ದರೆ ಅದನ್ನು ಬಚ್ಚಲೊಲೆಗೆ ಹಾಕುವುದು ದಡ್ಡತನ. ಎಷ್ಟೋ ಮಳೆಗಾಲ ಕಂಡು ಹದಗೊಂಡ ಆ ಮರದಲ್ಲಿ ಎರಡಿಂಚು ಸೀಳಿದರೆ ಒಳಗೆ ಹೊಸ ಬಣ್ಣವೇ ಇರುತ್ತದೆ. ಹಳೆಯ ಮೊಳೆ ಹುಡುಕಿ ಕೀಳಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ.

ಇನ್ನು ಫೋಟೋ ಕೂರಿಸುವ ಬಗೆ. ಗಾಜಿಗೂ ಫೋಟೋಕ್ಕೂ ನಡುವೆ ಸುತ್ತ ದಪ್ಪ ರಟ್ಟಿನ ಮೌಂಟ್ ಇಟ್ಟರೆ ಗಾಳಿಯಾಡಲು ಸಂದು ಸಿಗುತ್ತದೆ, ಜೆಲಟಿನ್ ಗಾಜನ್ನು ಮುಟ್ಟುವುದಿಲ್ಲ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಗುಂಡಿಯಷ್ಟು ಮರದ ಚೂರು ಅಂಟಿಸಿದರೆ ಪಟ ಹಸಿ ಗೋಡೆಗೆ ಬೆನ್ನು ತಾಗಿಸದೆ ತೂಗುತ್ತದೆ. ಮಳೆ ಬಡಿಯುವ ಪಡುವಣ ಗೋಡೆ ಬೇಡವೇ ಬೇಡ. ಬೆನ್ನಿನ ರಟ್ಟು ಮುಚ್ಚುವ ಮೊದಲು ಅದರ ಒಳಮೈ ಮೇಲೆ ಚಿತ್ರದಲ್ಲಿರುವವರ ಹೆಸರು, ಸೂಪಾದ ಯಾವ ಓಣಿ, ಯಾವ ವರ್ಷ ಎಂದು ಬರೆದಿಡಬೇಕು, ಬರೆಯುವುದು ಪೆನ್ಸಿಲಿನಲ್ಲೇ. ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲಿನ ಗ್ರಾಫೈಟ್ ಹರಡುವುದಿಲ್ಲ.